ಹೊಗೆ ಪರೀಕ್ಷೆಯಲ್ಲಿ ಹಿಂದುಳಿದ ಹಳೆಯ ಕಾರು: ಕಾರಣವೂ ಪರಿಹಾರವೂ

1983ರ ಡಿಸೆಂಬರ್ ತಿಂಗಳಲ್ಲಿ ಹೊರಬಂದು ಮಧ್ಯಮ ವರ್ಗದವರ ಮನೆಯಂಗಳಕ್ಕೆ ಮೊದಲ ಬಾರಿಗೆ ಕಾರನ್ನು ತಂದ ಮಾರುತಿ 800ರ ತಯಾರಿಕೆಯು 2014ರಲ್ಲಿ ನಿಂತಿತು. ಸರ್ಕಾರಿ ಅಧಿಕಾರಿಗಳಿಂದ ಹಿಡಿದು ಬಾಡಿಗೆ ಚಾಲಕರವರೆಗೆ ಎಲ್ಲರಿಗೂ ಪರಿಚಿತವಾಗಿದ್ದ ಅಂಬಾಸಿಡರ್ ಕಾರೂ ಅದೇ ವರ್ಷ ತೆರೆಮರೆಗೆ ಸರಿಯಿತು. ಪ್ರೀಮಿಯರ್ ಪದ್ಮಿನಿಯ ಕಾಲ ಅದಕ್ಕೂ ಮುಂಚೆಯೇ ಮುಗಿದಿತ್ತು. ಆದರೂ ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಬೀದಿಗಳಲ್ಲಿ ಇಂಥ ಹಳೆಯ ಕಾರುಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ನಿವೃತ್ತ ಉಪಾಧ್ಯಾಯರೊಬ್ಬರು ಭವಿಷ್ಯನಿಧಿಯ ಹಣದಿಂದ ಕೊಂಡದ್ದು, ದ್ರಾಕ್ಷಿ ಬೆಳೆದವರೊಬ್ಬರು ಒಳ್ಳೆಯ ಫಸಲು ಬಂದ ವರ್ಷ ಮನೆಗೆ ತಂದದ್ದು, ತಂದೆಯಿಂದ ಮಗನಿಗೆ ಬಂದದ್ದು, ಹೀಗೆ ಪ್ರತಿಯೊಂದರ ಹಿಂದೆಯೂ ಒಂದು ಕುಟುಂಬದ ಚರಿತ್ರೆಯಿರುತ್ತದೆ.

ಇಂಥ ಕಾರು ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾದಾಗ ಮಾಲೀಕನು ಗಾಬರಿಗೊಳ್ಳುವುದು ಸಹಜ. ಆಗ ಅವನ ಕಿವಿಗೆ ಬೀಳುವ ಸಲಹೆಗಳು ಸಾಮಾನ್ಯವಾಗಿ ಎರಡೇ. ಗುಜರಿಗೆ ಹಾಕಿಬಿಡಿ ಎಂಬುದು ಒಂದು. ತಪಾಸಣೆಯ ಹೊತ್ತಿಗೆ ಮಾತ್ರ ತಿರುಪನ್ನು ಸ್ವಲ್ಪ ತಿರುಗಿಸಿ ಪ್ರಮಾಣಪತ್ರ ಪಡೆದುಬಿಡಿ ಎಂಬುದು ಇನ್ನೊಂದು. ಮೊದಲನೆಯದು ಅನೇಕ ವೇಳೆ ಅನಾವಶ್ಯಕವಾದ ನಷ್ಟ; ಎರಡನೆಯದು ಆತ್ಮವಂಚನೆ. ತಪಾಸಣಾ ಚೀಟಿಯ ಮೇಲಿನ ಅಂಕಿಗಳನ್ನು ಸರಿಯಾಗಿ ಓದಿ, ಅವು ಸೂಚಿಸುವ ದೋಷವನ್ನು ಕ್ರಮವಾಗಿ ಹುಡುಕಿದರೆ, ಬಹುಪಾಲು ಹಳೆಯ ಕಾರುಗಳನ್ನು ಅಲ್ಪ ವೆಚ್ಚದಲ್ಲಿಯೇ ನ್ಯಾಯವಾಗಿ ಉತ್ತೀರ್ಣಗೊಳಿಸಬಹುದು. ಆ ಕ್ರಮ ಯಾವುದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಾನೂನು ಕೇಳುವುದೇನು?

ಮೋಟಾರು ಹೊಗೆಯು ಸಾರ್ವಜನಿಕ ಆರೋಗ್ಯದ ಪ್ರಶ್ನೆಯೆಂದು ಜಗತ್ತಿಗೆ ಮನವರಿಕೆಯಾದದ್ದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಸುವ ಮಬ್ಬಿಗೆ ಮೋಟಾರುಗಳೂ ಎಣ್ಣೆ ಶುದ್ಧೀಕರಣ ಘಟಕಗಳೂ ಹೊರಬಿಡುವ ಅನಿಲಗಳ ಮೇಲೆ ಸೂರ್ಯರಶ್ಮಿ ನಡೆಸುವ ಕ್ರಿಯೆಯೇ ಕಾರಣವೆಂದು 1950ರ ದಶಕದ ಆರಂಭದಲ್ಲಿ ಹಾಗೆನ್ ಸ್ಮಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಭಾರತದಲ್ಲಿ ವಾಯುಮಾಲಿನ್ಯ ನಿವಾರಣೆಯ ಅಧಿನಿಯಮವು 1981ರಲ್ಲಿ ಬಂದಿತು. ರಸ್ತೆಯಲ್ಲಿ ಓಡುತ್ತಿರುವ ವಾಹನಗಳ ಹೊಗೆಗೆ ಮಿತಿ ಹಾಕಿದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಅವುಗಳಲ್ಲಿ 115ನೆಯ ನಿಯಮವೇ ಇಂದಿನ ಹೊಗೆ ತಪಾಸಣೆಗೆ ಆಧಾರ.

ಎಲ್ಲ ಕಾರುಗಳಿಗೂ ಮಿತಿ ಒಂದೇ ಅಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಭಾರತ್ ಸ್ಟೇಜ್ 2ಕ್ಕೂ ಹಿಂದಿನ ಮಾನದಂಡದಂತೆ ತಯಾರಾದ ಪೆಟ್ರೋಲ್ ಕಾರಿನ ಹೊಗೆಯಲ್ಲಿ, ಎಂಜಿನ್ ನಿಶ್ಚಲ ಓಟದಲ್ಲಿರುವಾಗ, ಇಂಗಾಲದ ಮಾನಾಕ್ಸೈಡ್ ಅನಿಲವು ಶೇಕಡ 3ನ್ನೂ, ಉರಿಯದ ಹೈಡ್ರೋಕಾರ್ಬನ್ನುಗಳು ದಶಲಕ್ಷಕ್ಕೆ 1500 ಅಂಶಗಳನ್ನೂ ಮೀರಕೂಡದು. ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಈ ಮಿತಿ ಕ್ರಮವಾಗಿ ಶೇಕಡ 0.5 ಹಾಗೂ 750 ಅಂಶ. ಸ್ಟೇಜ್ 4ರ ಕಾರುಗಳಿಗೆ ಶೇಕಡ 0.3 ಹಾಗೂ 200 ಅಂಶ. ಅಲ್ಲದೆ ಅವುಗಳ ಎಂಜಿನನ್ನು ನಿಮಿಷಕ್ಕೆ ಸುಮಾರು 2500 ಸುತ್ತುಗಳ ವೇಗದಲ್ಲಿ ಓಡಿಸಿ ಇನ್ನೊಮ್ಮೆ ಅಳೆಯಬೇಕು. ಸ್ಟೇಜ್ 2 ದೇಶಾದ್ಯಂತ ಜಾರಿಗೆ ಬಂದದ್ದು 2005ರಲ್ಲಿ. ಸ್ಟೇಜ್ 4 ದೇಶಾದ್ಯಂತ ಬಂದದ್ದು 2017ರಲ್ಲಿ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಇವು ಕೆಲವು ವರ್ಷ ಮೊದಲೇ ಜಾರಿಯಾಗಿದ್ದವು. ಆದುದರಿಂದ ಕಾರು ಯಾವ ವರ್ಷದ್ದು, ಎಲ್ಲಿ ನೋಂದಣಿಯಾದದ್ದು, ಯಾವ ಮಾನದಂಡಕ್ಕೆ ಸೇರಿದ್ದು ಎಂಬುದನ್ನು ನೋಂದಣಿ ಪತ್ರದಲ್ಲಿ ನೋಡಿಕೊಳ್ಳತಕ್ಕದ್ದು. ತಪಾಸಣಾ ಕೇಂದ್ರದಲ್ಲಿ ಕಾರನ್ನು ತಪ್ಪು ವರ್ಗಕ್ಕೆ ಸೇರಿಸಿದರೆ, ದೋಷವಿಲ್ಲದ ಕಾರೂ ಅನುತ್ತೀರ್ಣವೆನಿಸಿಕೊಳ್ಳುವುದುಂಟು.

ಹಳೆಯ ಮಾನದಂಡದ ವಾಹನಗಳಿಗೆ ಪ್ರಮಾಣಪತ್ರದ ಅವಧಿ 6 ತಿಂಗಳು. ಸ್ಟೇಜ್ 4 ಮತ್ತು ಅನಂತರದವುಗಳಿಗೆ 1 ವರ್ಷ. 2019ರ ತಿದ್ದುಪಡಿಯ ಬಳಿಕ, ಹೊಗೆಯ ಮಿತಿಯನ್ನು ಮೀರಿ ವಾಹನ ಓಡಿಸುವುದಕ್ಕೆ ಮೋಟಾರು ವಾಹನ ಅಧಿನಿಯಮವು 10,000 ರೂಪಾಯಿಗಳವರೆಗೆ ದಂಡವನ್ನೂ, 3 ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಲ್ಲುದು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕಾಗಿದ್ದು, ಆಗಲೂ ವಾಹನದ ಯೋಗ್ಯತೆಯ ಪರಿಶೀಲನೆ ನಡೆಯುತ್ತದೆ.

2021ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯು ದೇಶಕ್ಕೆಲ್ಲ ಒಂದೇ ಬಗೆಯ ಪ್ರಮಾಣಪತ್ರವನ್ನು ಗೊತ್ತುಮಾಡಿದ್ದಲ್ಲದೆ, ತಿರಸ್ಕಾರ ಚೀಟಿ ಎಂಬ ಹೊಸ ಪದ್ಧತಿಯನ್ನೂ ತಂದಿತು. ಅಂದಿನಿಂದ, ಮಿತಿ ಮೀರಿದ ವಾಹನದ ಮಾಲೀಕನಿಗೆ ಅಳತೆಯ ಅಂಕಿಗಳನ್ನು ನಮೂದಿಸಿದ ಚೀಟಿಯನ್ನು ಕೊಡಬೇಕಾಗಿದೆ. ಅದನ್ನು ದುರಸ್ತಿ ಮಾಡುವವರಿಗೆ ತೋರಿಸಬಹುದು. ಯಂತ್ರದ ಮೇಲೆ ಸಂಶಯವಿದ್ದರೆ ಬೇರೊಂದು ಕೇಂದ್ರದಲ್ಲಿ ಮತ್ತೆ ಪರೀಕ್ಷಿಸಿ ಹೋಲಿಸಲೂಬಹುದು. ಅನೇಕರು ಈ ಚೀಟಿಯನ್ನು ಮುದುಡಿ ಎಸೆಯುತ್ತಾರೆ. ಇದು ವೈದ್ಯರ ಬಳಿಗೆ ಹೊರಟವನು ರಕ್ತಪರೀಕ್ಷೆಯ ವರದಿಯನ್ನು ದಾರಿಯಲ್ಲಿ ಬಿಸುಟಂತೆ.

ಯಂತ್ರವು ಅಳೆಯುವುದೇನನ್ನು?

ಪೆಟ್ರೋಲ್ ಎಂಬುದು ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳ ಮಿಶ್ರಣ. ಅದು ಪೂರ್ಣವಾಗಿ ಉರಿಯಬೇಕಾದರೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಆಗ ಇಂಗಾಲವು ಇಂಗಾಲದ ಡೈ ಆಕ್ಸೈಡ್ ಆಗಿಯೂ, ಜಲಜನಕವು ನೀರಿನ ಆವಿಯಾಗಿಯೂ ಹೊರಬೀಳುತ್ತವೆ. ಗಾಳಿ ಸಾಲದೆ ಹೋದಾಗ ಇಂಗಾಲವು ಅರ್ಧ ಉರಿದು ಮಾನಾಕ್ಸೈಡ್ ಆಗಿ ಉಳಿಯುತ್ತದೆ. ಇಂಧನಕ್ಕೆ ಬೆಂಕಿಯೇ ಸರಿಯಾಗಿ ತಗುಲದೆ ಹೋದಾಗ ಅದು ಹಸಿಯಾಗಿಯೇ ಹೈಡ್ರೋಕಾರ್ಬನ್ ರೂಪದಲ್ಲಿ ಹೊರಬರುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಒಲೆಯ ಮುಂದೆ ಕುಳಿತವರಿಗೆ ಈ ಭೇದ ಹೇಳಿಕೊಡಬೇಕಾಗಿಲ್ಲ. ಒಲೆಯ ಬಾಯಿಗೆ ಸೌದೆ ತುರುಕಿ ಗಾಳಿ ಕಟ್ಟಿದರೆ ಉರಿ ಮಂಕಾಗುವುದು ಒಂದು ಬಗೆ; ಸೌದೆ ಹೊತ್ತಿಕೊಳ್ಳದೆ ಬರಿದೆ ಹೊಗೆಯುವುದು ಇನ್ನೊಂದು ಬಗೆ. ಎರಡಕ್ಕೂ ಮದ್ದು ಬೇರೆ ಬೇರೆ.

ತಪಾಸಣಾ ಯಂತ್ರದ ಕೊಳವೆಯನ್ನು ಸೈಲೆನ್ಸರಿನ ಬಾಯಿಯಲ್ಲಿ ಆಳಕ್ಕೆ ತೂರಿಸಿ ಹೊಗೆಯನ್ನು ಸೆಳೆದುಕೊಳ್ಳಲಾಗುತ್ತದೆ. ಒಂದೊಂದು ಅನಿಲವೂ ಅವಕೆಂಪು ಕಿರಣಗಳಲ್ಲಿ ತನ್ನದೇ ಆದ ತರಂಗಗಳನ್ನು ಮಾತ್ರ ಹೀರಿಕೊಳ್ಳುತ್ತದೆ. ಹೊಗೆಯ ಮೂಲಕ ಅವಕೆಂಪು ಕಿರಣವನ್ನು ಹಾಯಿಸಿ, ಎಷ್ಟು ಹೀರಲ್ಪಟ್ಟಿತೆಂಬುದನ್ನು ಅಳೆದು, ಯಾವ ಅನಿಲ ಎಷ್ಟಿದೆಯೆಂದು ಯಂತ್ರವು ಲೆಕ್ಕ ಹಾಕುತ್ತದೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹೊಗೆಯೇ ಕಾಣದ ಕಾರು ಅನುತ್ತೀರ್ಣವಾಯಿತೆಂದು ಮಾಲೀಕನು ಆಶ್ಚರ್ಯಪಡುವುದು ಇದರಿಂದಲೇ. ಕಣ್ಣಿಗೆ ಕಾಣುವ ಹೊಗೆಯೂ ಒಂದು ಸಾಕ್ಷ್ಯವೇ ಸರಿ: ಕಪ್ಪು ಹೊಗೆ ಇಂಧನದ ಅತಿಶಯವನ್ನೂ, ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವುದನ್ನೂ, ಬಿಸಿಯಾದ ಮೇಲೂ ನಿಲ್ಲದ ಬಿಳಿಯ ಆವಿ ಸಿಲಿಂಡರಿಗೆ ನೀರು ಸೇರುತ್ತಿರುವುದನ್ನೂ ಸಾಮಾನ್ಯವಾಗಿ ಸೂಚಿಸುತ್ತವೆ.

ಚೀಟಿಯನ್ನು ಓದುವ ಬಗೆ

ಅನುತ್ತೀರ್ಣವಾದ ಪೆಟ್ರೋಲ್ ಕಾರುಗಳನ್ನು ಚೀಟಿಯ ಅಂಕಿಗಳಿಂದ ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮಾನಾಕ್ಸೈಡ್ ಹೆಚ್ಚಿದ್ದು ಹೈಡ್ರೋಕಾರ್ಬನ್ ಮಿತಿಯೊಳಗಿದ್ದರೆ, ಕಿಡಿ ಸರಿಯಾಗಿಯೇ ಹೊತ್ತುತ್ತಿದೆ, ಆದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂದು ತಿಳಿಯಬೇಕು. ಮುಚ್ಚಿದ ಗಾಳಿ ಶೋಧಕ, ಪೂರ್ತಿ ತೆರೆಯದ ಚೋಕ್, ಕಾರ್ಬುರೇಟರಿನಲ್ಲಿ ಉಕ್ಕುವ ಪೆಟ್ರೋಲ್, ಸವೆದ ಜೆಟ್ ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ.

ಹೈಡ್ರೋಕಾರ್ಬನ್ ಹೆಚ್ಚಿದ್ದು ಮಾನಾಕ್ಸೈಡ್ ಕಡಿಮೆಯಿದ್ದರೆ, ಪೆಟ್ರೋಲ್ ಹೊತ್ತಿಕೊಳ್ಳದೆಯೇ ಹೊರಬರುತ್ತಿದೆ ಎಂದರ್ಥ. ಕೆಟ್ಟ ಸ್ಪಾರ್ಕ್ ಪ್ಲಗ್, ಬಿರಿದ ತಂತಿ, ತಪ್ಪಿದ ಕಿಡಿಯ ಕಾಲ, ಸೋರುವ ಕವಾಟ ಇವು ಕಾರಣವಿರಬಹುದು. ಎಲ್ಲಿಂದಲೋ ಗಾಳಿ ಒಳನುಸುಳಿ ಮಿಶ್ರಣವು ಅತಿ ತೆಳುವಾಗಿರಲೂಬಹುದು.

ಎರಡೂ ಹೆಚ್ಚಿದ್ದರೆ, ಅತಿಯಾದ ಪೆಟ್ರೋಲೇ ಪ್ಲಗ್ಗನ್ನು ಮಸಿಗಟ್ಟಿಸಿ ಕಿಡಿಯನ್ನು ಕೆಡಿಸಿರಬಹುದು. ಇಲ್ಲವೆ ಎಂಜಿನ್ ಒಳಗೆ ಸವೆದಿರಬಹುದು. ಕೆಟಲಿಟಿಕ್ ಕನ್ವರ್ಟರ್ ಇರುವ ಕಾರಾದರೆ ಅದು ನಿಷ್ಕ್ರಿಯವಾಗಿರಬಹುದು.

ಇದಲ್ಲದೆ ಮೋಸಗೊಳಿಸುವ ನಾಲ್ಕನೆಯ ಸಂದರ್ಭವೊಂದುಂಟು. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಾಳಿ ಬೆರೆತು ಎಲ್ಲ ಅಂಕಿಗಳೂ ಇಳಿದು ತೋರುತ್ತವೆ. ಚೀಟಿಯಲ್ಲಿ ಆಮ್ಲಜನಕ ಹೆಚ್ಚಾಗಿಯೂ ಇಂಗಾಲದ ಡೈ ಆಕ್ಸೈಡ್ ತೀರ ಕಡಿಮೆಯಾಗಿಯೂ ಕಂಡರೆ ಮೊದಲು ಆ ತೂತನ್ನು ಮುಚ್ಚಿಸಿ, ಅನಂತರ ಮತ್ತೆ ಅಳೆಯುವುದು ಯುಕ್ತ.

ದುರಸ್ತಿಯ ಕ್ರಮ

ಸುಲಭವಾದದ್ದನ್ನೂ ಅಗ್ಗವಾದದ್ದನ್ನೂ ಮೊದಲು ನೋಡಿ, ಕಷ್ಟವಾದದ್ದನ್ನೂ ದುಬಾರಿಯಾದದ್ದನ್ನೂ ಕಡೆಗೆ ಇರಿಸಿಕೊಳ್ಳುವುದು ಬುದ್ಧಿವಂತಿಕೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡಬೇಕು. ಏಕಕಾಲದಲ್ಲಿ ನಾಲ್ಕನ್ನು ಬದಲಿಸಿದರೆ ರೋಗ ಯಾವುದರಲ್ಲಿತ್ತೆಂಬುದು ಎಂದಿಗೂ ತಿಳಿಯುವುದಿಲ್ಲ.

ಮೊದಲನೆಯದಾಗಿ, ತಣ್ಣಗಿನ ಎಂಜಿನನ್ನು ಪರೀಕ್ಷೆಗೆ ಒಡ್ಡಕೂಡದು. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗದು. ಚೋಕ್ ಸಹ ಪೂರ್ತಿ ತೆರೆದಿರದು. ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ಒಮ್ಮೆ ಹೋಗಿಬರುವಷ್ಟು, ಎಂದರೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿದ ಕೂಡಲೇ ತಪಾಸಣೆ ಮಾಡಿಸುವುದು ಒಳ್ಳೆಯದು. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂದು ಅಲ್ಪ ದೂರವೇ ಓಡುವ ಕಾರಿನ ಎಂಜಿನ್ ಎಣ್ಣೆಯಲ್ಲಿ ಉರಿಯದ ಪೆಟ್ರೋಲ್ ಬೆರೆತುಹೋಗಿರುತ್ತದೆ. ಎಂಜಿನ್ ಬಿಸಿಯಾದಾಗ ಅದು ಆವಿಯಾಗಿ ಮತ್ತೆ ಸಿಲಿಂಡರಿಗೆ ಹೋಗಿ ಅಂಕಿಗಳನ್ನು ಏರಿಸುತ್ತದೆ. ಎಣ್ಣೆಯನ್ನು ಬದಲಿಸಿದ ಮಾತ್ರಕ್ಕೇ ಉತ್ತೀರ್ಣವಾಗುವ ಕಾರುಗಳೂ ಉಂಟು.

ಎರಡನೆಯದು ಗಾಳಿ ಶೋಧಕ. ಮಳೆ ಕಡಿಮೆಯಿರುವ ಈ ಬಯಲುಸೀಮೆಯ ದಾರಿಗಳಲ್ಲಿ ಬೇಸಿಗೆಯ ಧೂಳಿಗೆ ಕೊರತೆಯಿಲ್ಲ. ಕಾಗದದ ಶೋಧಕವನ್ನು ಬೆಳಕಿಗೆ ಹಿಡಿದು ನೋಡಿ, ಬೆಳಕು ತೂರಿಬಾರದಿದ್ದರೆ ಬದಲಿಸಬೇಕು. ಕೆಲವು ಹಳೆಯ ಮಾದರಿಗಳಲ್ಲಿರುವ ಎಣ್ಣೆ ತೊಟ್ಟಿಯ ಶೋಧಕವನ್ನು ತೊಳೆದು ಹೊಸ ಎಣ್ಣೆ ತುಂಬಬೇಕು. ಇದರೊಡನೆಯೇ ಚೋಕಿನ ತಂತಿಯನ್ನು ಪೂರ್ತಿ ಬಿಟ್ಟಾಗ ಕಾರ್ಬುರೇಟರಿನ ಬಾಯಲ್ಲಿರುವ ತಟ್ಟೆಯು ನೆಟ್ಟಗೆ ನಿಲ್ಲುವುದೇ ಎಂದು ಕಣ್ಣಾರೆ ನೋಡತಕ್ಕದ್ದು. ತುಕ್ಕು ಹಿಡಿದ ತಂತಿಯಿಂದಾಗಿ ಅರೆ ಮುಚ್ಚಿ ನಿಂತ ಚೋಕ್ ಒಂದೇ ಸಾಕು, ಮಾನಾಕ್ಸೈಡ್ ಮಿತಿಯನ್ನು ದಾಟಲು.

ಮೂರನೆಯದು ಕಿಡಿಯ ವ್ಯವಸ್ಥೆ. ಪ್ಲಗ್ಗುಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂಬ ಗುರುತಿನೊಡನೆ ಸಾಲಾಗಿ ಇಡಬೇಕು. ತುದಿಯು ತಿಳಿಗಂದು ಬಣ್ಣವಿದ್ದರೆ ದಹನ ಸರಿಯಾಗಿದೆ. ಒಣಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು. ಎಣ್ಣೆಯ ಜಿಡ್ಡಿದ್ದರೆ ಎಣ್ಣೆ ಮೇಲೇರುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳು. ನಾಲ್ಕೂ ಒಂದೇ ಬಗೆಯಾಗಿದ್ದರೆ ದೋಷವು ಎಲ್ಲಕ್ಕೂ ಸಮಾನವಾದ ಕಾರ್ಬುರೇಟರಿನಂಥ ಭಾಗದಲ್ಲಿದೆ; ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರಿನಲ್ಲಿಯೇ ಹುಡುಕಬೇಕು. ಪ್ಲಗ್ಗಿನ ಅಂತರ, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಅಂತರ, ಕಿಡಿಯ ಕಾಲ ಇವನ್ನು ಆಯಾ ಕಾರಿನ ಕೈಪಿಡಿ ಹೇಳಿದಂತೆಯೇ ಇರಿಸಬೇಕು. ತಂತಿಗಳು ಬಿರಿದಿದ್ದರೆ ಕತ್ತಲೆಯಲ್ಲಿ ಎಂಜಿನ್ ಓಡಿಸಿ ನೋಡಿದಾಗ ನೀಲಿ ಕಿಡಿ ಹಾರುವುದು ಕಾಣಬಹುದು.

ನಾಲ್ಕನೆಯದು ಗಾಳಿಯ ಸೋರಿಕೆ. ಕಾರ್ಬುರೇಟರಿಗೂ ಎಂಜಿನಿಗೂ ನಡುವಿನ ಗ್ಯಾಸ್ಕೆಟ್, ಬ್ರೇಕಿನ ನಿರ್ವಾತ ಕೊಳವೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ರಬ್ಬರ್ ಕೊಳವೆ ಇವು ವಯಸ್ಸಾದಂತೆ ಬಿರಿಯುತ್ತವೆ. ಸುಯ್ಯೆನ್ನುವ ಸದ್ದು, ಒಮ್ಮೆ ಏರಿ ಒಮ್ಮೆ ಇಳಿಯುವ ನಿಶ್ಚಲ ಓಟ ಇವೇ ಲಕ್ಷಣ. ಕೊಳವೆಯನ್ನು ಬೆರಳಿನಿಂದ ಒತ್ತಿಹಿಡಿದಾಗ ಎಂಜಿನಿನ ಓಟ ಬದಲಾದರೆ ಸೋರಿಕೆ ಅಲ್ಲಿಯೇ. ಸೋರಿಕೆ ಹುಡುಕಲೆಂದು ಬಿಸಿ ಎಂಜಿನಿನ ಮೇಲೆ ಪೆಟ್ರೋಲ್ ಎರಚುವ ಅಭ್ಯಾಸ ಕೆಲವೆಡೆ ಇದೆ. ಅದು ಬೆಂಕಿಯ ಅನಾಹುತಕ್ಕೆ ಆಹ್ವಾನ.

ಐದನೆಯದು ಕಾರ್ಬುರೇಟರ್. ಅದರ ತೊಟ್ಟಿಯಲ್ಲಿ ತೇಲುವ ಫ್ಲೋಟ್ ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಫ್ಲೋಟಿನೊಳಗೆ ಪೆಟ್ರೋಲ್ ಹೊಕ್ಕು ಭಾರವಾದರೆ, ಇಲ್ಲವೆ ಅದು ಮುಚ್ಚಬೇಕಾದ ಸೂಜಿ ಕವಾಟ ಸವೆದರೆ, ಮಟ್ಟವೇರಿ ಪೆಟ್ರೋಲ್ ಉಕ್ಕುತ್ತದೆ. ಅನೇಕ ವರ್ಷ ಬಳಸಿದ ಜೆಟ್ಟುಗಳ ರಂಧ್ರವೂ ಹಿಗ್ಗಿರಬಹುದು. ಅದನ್ನು ತಂತಿಯಿಂದ ತಿವಿದು ಶುಚಿಗೊಳಿಸುವುದು ರಂಧ್ರವನ್ನು ಇನ್ನಷ್ಟು ಕೆಡಿಸುತ್ತದೆ. ಗಾಳಿ ಊದಿ ಶುಚಿಗೊಳಿಸುವುದೇ ಸರಿಯಾದ ವಿಧಾನ. ಇವೆಲ್ಲ ಸರಿಯಾದ ಮೇಲೆಯೇ ನಿಶ್ಚಲ ಓಟದ ಮಿಶ್ರಣ ತಿರುಪಿಗೆ ಕೈ ಹಾಕಬೇಕು. ಬಿಸಿ ಎಂಜಿನಿನಲ್ಲಿ, ಓಟವು ಗರಿಷ್ಠ ವೇಗಕ್ಕೆ ಬರುವವರೆಗೆ ತಿರುಪನ್ನು ಹೊಂದಿಸಿ, ಅಲ್ಲಿಂದ ವೇಗವು ಅತ್ಯಲ್ಪ ಇಳಿಯುವವರೆಗೆ ಪೆಟ್ರೋಲನ್ನು ತಗ್ಗಿಸುವುದು ಪದ್ಧತಿ. ಸೋಲೆಕ್ಸ್ ಮಾದರಿಯ ಕಾರ್ಬುರೇಟರುಗಳಲ್ಲಿ ಸಾಮಾನ್ಯವಾಗಿ ತಿರುಪು ಒಳಹೋದಂತೆ ಪೆಟ್ರೋಲ್ ಕಡಿಮೆಯಾಗುತ್ತದೆ. ಬೇರೆ ಕೆಲವು ಮಾದರಿಗಳಲ್ಲಿ ಇದು ತಿರುಗುಮುರುಗು.

ಎತ್ತರವೂ ಎಥನಾಲೂ

ಈ ಸೀಮೆಗೆ ವಿಶಿಷ್ಟವಾದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಗೌರಿಬಿದನೂರು ಸಮುದ್ರಮಟ್ಟದಿಂದ ಸುಮಾರು 690 ಮೀಟರ್, ಚಿಕ್ಕಬಳ್ಳಾಪುರ ಸುಮಾರು 915 ಮೀಟರ್ ಎತ್ತರದಲ್ಲಿವೆ. ಪಕ್ಕದ ನಂದಿಬೆಟ್ಟದ ಎತ್ತರ 1478 ಮೀಟರ್. ಮೇಲೇರಿದಂತೆ ಗಾಳಿ ವಿರಳವಾಗುತ್ತದೆ. ಚಿಕ್ಕಬಳ್ಳಾಪುರದ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ತೀರದಲ್ಲಿರುವುದಕ್ಕಿಂತ ಶೇಕಡ 8ರಷ್ಟು ಕಡಿಮೆ. ಕಾರ್ಬುರೇಟರಿಗೆ ಇದು ತಿಳಿಯದು. ಅದು ಪೆಟ್ರೋಲನ್ನು ಅಷ್ಟಾಗಿ ತಗ್ಗಿಸದೆ ಬಿಡುವುದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸುಮಾರು ಶೇಕಡ 4ರಷ್ಟು ಏರುತ್ತದೆ. ಆದಕಾರಣ ಚೆನ್ನೈಯಲ್ಲೋ ಮಂಗಳೂರಿನಲ್ಲೋ ಹದಗೊಳಿಸಿ ತಂದ ಹಳೆಯ ಕಾರನ್ನು ಇಲ್ಲಿ ಮತ್ತೊಮ್ಮೆ ಹದಗೊಳಿಸುವುದು ಅಗತ್ಯ.

ಎರಡನೆಯದು ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಅನಂತರ ಅದು ದೇಶದೆಲ್ಲೆಡೆ ಹರಡಿತು. ಎಥನಾಲಿನಲ್ಲಿ ಆಮ್ಲಜನಕವೂ ಇರುವುದರಿಂದ ಇಂಥ ಇಂಧನಕ್ಕೆ ಬೇಕಾದ ಗಾಳಿ 14.7ರ ಬದಲು ಸುಮಾರು 13.5 ಭಾಗ. ಹಳೆಯ ಕಾರ್ಬುರೇಟರಿನಲ್ಲಿ ಇದರಿಂದ ಮಿಶ್ರಣ ತೆಳುವಾಗಿ, ಮಾನಾಕ್ಸೈಡ್ ಇಳಿಯಬಹುದು. ಅತಿಯಾಗಿ ತೆಳುವಾದರೆ ಕಿಡಿ ತಪ್ಪಿ ಹೈಡ್ರೋಕಾರ್ಬನ್ ಏರಲೂಬಹುದು. ಎತ್ತರವು ಒಂದು ಕಡೆಗೆ, ಎಥನಾಲು ಇನ್ನೊಂದು ಕಡೆಗೆ ಎಳೆಯುವುದರಿಂದ, ಹತ್ತು ವರ್ಷಗಳ ಹಿಂದೆ ಇರಿಸಿದ ತಿರುಪು ಇಂದಿಗೆ ಸರಿಯೆಂದು ನಂಬಿ ಕೂರುವಂತಿಲ್ಲ. ಇದಲ್ಲದೆ ಎಥನಾಲು ಹಳೆಯ ರಬ್ಬರ್ ಕೊಳವೆಗಳನ್ನೂ, ಸೂಜಿ ಕವಾಟದ ರಬ್ಬರ್ ತುದಿಯನ್ನೂ ಉಬ್ಬಿಸಿ ಕೆಡಿಸಬಲ್ಲುದು. ತೊಟ್ಟಿಯ ತಳದಲ್ಲಿ ಕುಳಿತ ಹಳೆಯ ಕಸರನ್ನು ಸಡಿಲಿಸಿ ಜೆಟ್ಟಿಗೆ ತಂದು ತುರುಕಬಲ್ಲುದು. ಎಥನಾಲ್ ತಾಳುವ ಕೊಳವೆಗಳನ್ನು ಹಾಕಿಸಿ, ಇಂಧನ ಶೋಧಕವನ್ನು ಕಾಲಕಾಲಕ್ಕೆ ಬದಲಿಸುವುದು ಹೊಗೆಯ ದೃಷ್ಟಿಯಿಂದಲೂ ಬೆಂಕಿಯ ಭಯದ ದೃಷ್ಟಿಯಿಂದಲೂ ಹಿತಕರ.

ಎಂಜಿನಿನ ಒಳಗಿನ ಸವೆತ

ಇಷ್ಟರಿಂದಲೂ ಅಂಕಿಗಳು ಇಳಿಯದಿದ್ದರೆ ಎಂಜಿನಿನ ಒಳಗನ್ನು ನೋಡಬೇಕು. ಒಂದೊಂದು ಸಿಲಿಂಡರಿನ ಒತ್ತಡವನ್ನೂ ಮಾಪಕದಿಂದ ಅಳೆಯುವುದು ಮೊದಲ ಹೆಜ್ಜೆ. ಒಂದು ಸಿಲಿಂಡರಿನ ಒತ್ತಡ ಉಳಿದವುಗಳಿಗಿಂತ ಗಣನೀಯವಾಗಿ ಕಡಿಮೆಯಿದ್ದರೆ, ಅದಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ಬಳೆಗಳು ಸವೆದಿವೆ. ಏರದಿದ್ದರೆ ದೋಷ ಕವಾಟದಲ್ಲಿದೆ. ಕವಾಟದ ಅಂತರವನ್ನು ಸರಿಪಡಿಸುವುದು ಅಲ್ಪ ವೆಚ್ಚದ ಕೆಲಸ. ಕವಾಟವನ್ನು ಉಜ್ಜಿ ಕೂರಿಸುವುದು ಮಧ್ಯಮ ವೆಚ್ಚದ್ದು. ಬಳೆಗಳನ್ನು ಬದಲಿಸುವುದು ದೊಡ್ಡ ವೆಚ್ಚ. ಈ ಅಳತೆ ಮಾಡದೆ ಎಂಜಿನ್ ಬಿಚ್ಚಲು ಒಪ್ಪುವುದು ವಿವೇಕವಲ್ಲ.

2000ದ ಆಸುಪಾಸಿನಿಂದೀಚೆಗೆ ಬಂದ, ಇಂಧನವನ್ನು ಸಿಂಪಡಿಸುವ ವ್ಯವಸ್ಥೆಯ ಕಾರುಗಳಲ್ಲಿ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ. ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪವುಳ್ಳ ಈ ಭಾಗವು ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖ ಮೀರಿದ ಮೇಲೆ ಮಾನಾಕ್ಸೈಡನ್ನೂ ಹೈಡ್ರೋಕಾರ್ಬನ್ನನ್ನೂ ಉರಿಸಿ ನಿರಪಾಯಗೊಳಿಸುತ್ತದೆ. ಸೀಸವು ಇದಕ್ಕೆ ವಿಷ. ಆ ಕಾರಣವೂ ಸೇರಿ 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಸೀಸರಹಿತ ಪೆಟ್ರೋಲನ್ನೇ ಮಾರಲಾಗುತ್ತಿದೆ. ಇಂಥ ಕಾರು ಅನುತ್ತೀರ್ಣವಾದ ಕೂಡಲೇ ದುಬಾರಿ ಕನ್ವರ್ಟರನ್ನು ಬದಲಿಸುವುದು ದೊಡ್ಡ ತಪ್ಪು. ಕಿಡಿ ತಪ್ಪುವ ಎಂಜಿನಿನಿಂದ ಬಂದ ಹಸಿ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸುತ್ತದೆ. ಮೂಲದೋಷ ಉಳಿದರೆ ಹೊಸ ಕನ್ವರ್ಟರಿಗೂ ಅದೇ ಗತಿ. ಆದುದರಿಂದ ಪ್ಲಗ್ಗು, ಆಮ್ಲಜನಕದ ಸಂವೇದಕ, ನೀರಿನ ಶಾಖದ ಸಂವೇದಕ ಇವನ್ನು ಮೊದಲು ಪರೀಕ್ಷಿಸತಕ್ಕದ್ದು. ನೀರಿನ ಶಾಖದ ಸಂವೇದಕ ಕೆಟ್ಟರೆ ಎಂಜಿನ್ ಸದಾ ತಣ್ಣಗಿದೆಯೆಂದೇ ನಿಯಂತ್ರಕವು ಭ್ರಮಿಸಿ ಪೆಟ್ರೋಲನ್ನು ಹೆಚ್ಚಿಸುತ್ತಲೇ ಇರುತ್ತದೆ.

ಡೀಸೆಲ್ ಕಾರುಗಳ ಪರೀಕ್ಷೆ ಬೇರೆ ರೀತಿಯದು. ಎಂಜಿನಿನ ವೇಗವನ್ನು ಥಟ್ಟನೆ ಏರಿಸಿ, ಹೊಗೆಯು ಬೆಳಕನ್ನು ಎಷ್ಟು ತಡೆಯುತ್ತದೆಂಬುದನ್ನು ಅಳೆಯುತ್ತಾರೆ. ಸ್ಟೇಜ್ 4ಕ್ಕಿಂತ ಹಿಂದಿನವುಗಳಿಗೆ ಮಿತಿ 65 ಹಾರ್ಟ್ರಿಜ್ ಮಾನ. ಸ್ಟೇಜ್ 4ಕ್ಕೆ 50. ಮುಚ್ಚಿದ ಗಾಳಿ ಶೋಧಕ, ಹನಿಯುವ ಇಂಜೆಕ್ಟರ್, ಕಾಲ ತಪ್ಪಿದ ಪಂಪು ಇವೇ ಅಲ್ಲಿನ ಮುಖ್ಯ ದೋಷಗಳು.

ಒಂದು ದೃಷ್ಟಾಂತ

1994ರ ಒಂದು ಕಾರಿನ ಚೀಟಿಯಲ್ಲಿ ಮಾನಾಕ್ಸೈಡ್ ಶೇಕಡ 5.2, ಹೈಡ್ರೋಕಾರ್ಬನ್ 900 ಅಂಶ ಇದೆಯೆಂದು ಭಾವಿಸಬಹುದು. ಹೈಡ್ರೋಕಾರ್ಬನ್ 1500ರ ಮಿತಿಯೊಳಗಿದೆ. ಆದಕಾರಣ ಕಿಡಿಯೂ ಒತ್ತಡವೂ ಬಹುಮಟ್ಟಿಗೆ ಸರಿಯಿವೆ. ಎಂಜಿನ್ ಬಿಚ್ಚಬೇಕೆಂಬ ಸಲಹೆಯನ್ನು ಇಲ್ಲಿಯೇ ತಳ್ಳಿಹಾಕಬಹುದು. ದೋಷ ಮಿಶ್ರಣದಲ್ಲಿದೆ. ಶೋಧಕ, ಚೋಕ್, ಫ್ಲೋಟ್, ತಿರುಪು ಎಂಬ ಕ್ರಮದಲ್ಲಿ ನೋಡುತ್ತ ಹೋದರೆ ಅರ್ಧ ದಿನದಲ್ಲಿ ಕಾರಣ ಕೈಗೆ ಸಿಕ್ಕುತ್ತದೆ. ಚೀಟಿಯ ಎರಡು ಅಂಕಿಗಳನ್ನು ಓದಬಲ್ಲ ಮಾಲೀಕನು ಸಾವಿರಾರು ರೂಪಾಯಿಗಳ ಅನಾವಶ್ಯಕ ವೆಚ್ಚದಿಂದ ಪಾರಾಗುವುದು ಹೀಗೆ.

ಅಂಕಿಯನ್ನಷ್ಟೇ ಇಳಿಸುವ ಚಾಳಿ

ತಪಾಸಣೆಯ ಸಮಯಕ್ಕೆ ಮಾತ್ರ ತಿರುಪನ್ನು ಒಳಸರಿಸಿ, ಮನೆಗೆ ಬಂದು ಮತ್ತೆ ಹೊರತಿರುಗಿಸುವವರುಂಟು. ಕಾರನ್ನೇ ಕೊಂಡೊಯ್ಯದೆ ಪ್ರಮಾಣಪತ್ರ ಸಂಪಾದಿಸಲು ದಾರಿ ಹುಡುಕುವವರೂ ಉಂಟು. ಪತ್ರದಿಂದ ದಂಡ ತಪ್ಪಬಹುದು, ಹೊಗೆ ತಪ್ಪದು. ಇಂಗಾಲದ ಮಾನಾಕ್ಸೈಡ್ ಅನಿಲವು ರಕ್ತದ ಹಿಮೋಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸುತ್ತ ನಿಂತವರು ವಾಸನೆಯ ಎಚ್ಚರಿಕೆಯೂ ಇಲ್ಲದೆ ಪ್ರಜ್ಞೆ ತಪ್ಪಿ ಪ್ರಾಣ ಕಳೆದುಕೊಳ್ಳುವುದು ಇದರಿಂದಲೇ. ಕಾರನ್ನು ಹದಗೊಳಿಸುವ ಕೆಲಸವನ್ನು ಯಾವಾಗಲೂ ಬಯಲಿನಲ್ಲಿಯೇ ಮಾಡಬೇಕು.

ಶಾಲೆಯ ಬಾಗಿಲಲ್ಲಿ ಬೆಳಗಿನ ಗಂಟೆ ಬಾರಿಸುವ ಹೊತ್ತಿಗೆ ಮಕ್ಕಳನ್ನು ಇಳಿಸಲು ನಿಂತ ವಾಹನಗಳ ಎಂಜಿನುಗಳು ಓಡುತ್ತಲೇ ಇರುತ್ತವೆ. ತಪಾಸಣಾ ಯಂತ್ರವು ಅಳೆಯುವುದು ಇದೇ ನಿಶ್ಚಲ ಓಟದ ಹೊಗೆಯನ್ನು. ಹೊಗೆಕೊಳವೆಯ ಬಾಯಿ ಇರುವುದು ನೆಲದ ಸಮೀಪದಲ್ಲಿ. ಪುಟ್ಟ ಮಕ್ಕಳ ಮುಖವು ಅದಕ್ಕೆ ದೊಡ್ಡವರ ಮುಖಕ್ಕಿಂತ ಹತ್ತಿರ. ಮಕ್ಕಳನ್ನು ಇಳಿಸುವಾಗ ಎಂಜಿನ್ ಆರಿಸುವುದು ಹಳೆಯ ಕಾರಿನವರಿಗೂ ಹೊಸ ಕಾರಿನವರಿಗೂ ಸಮಾನವಾದ ಕರ್ತವ್ಯ. ಇದಕ್ಕೆ ಮೆಕ್ಯಾನಿಕನ ನೆರವು ಬೇಕಿಲ್ಲ.

ಎಲ್ಲ ಹಳೆಯ ಕಾರುಗಳನ್ನೂ ಉಳಿಸಿಕೊಳ್ಳಲೇಬೇಕೆಂದು ಇದರ ಅರ್ಥವಲ್ಲ. ಒತ್ತಡವು ಎಲ್ಲ ಸಿಲಿಂಡರುಗಳಲ್ಲೂ ಕುಸಿದು, ಬಿಡಿಭಾಗಗಳು ದೊರೆಯದೆ, ದುರಸ್ತಿಯ ವೆಚ್ಚವು ಕಾರಿನ ಬೆಲೆಯನ್ನು ಮೀರಿದರೆ, 2021ರ ನಿಯಮಗಳಂತೆ ನೋಂದಣಿಯಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪತ್ರ ಪಡೆಯುವುದೇ ಲೇಸು. ಆದರೆ ಆ ನಿರ್ಧಾರವು ಅಳತೆಯ ಆಧಾರದ ಮೇಲೆ ಬರಬೇಕೇ ಹೊರತು ಗಾಬರಿಯಿಂದ ಬರಬಾರದು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿ, ಭೌತವಿಜ್ಞಾನದ ಅಧ್ಯಾಪಕರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ದುಡಿದ ಡಾ. ಎಚ್. ನರಸಿಂಹಯ್ಯನವರು, ಯಾವುದನ್ನೂ ಪ್ರಶ್ನಿಸದೆ ಒಪ್ಪಿಕೊಳ್ಳದ ಮನೋಭಾವವನ್ನು ಜೀವನದುದ್ದಕ್ಕೂ ಬೋಧಿಸಿದರು. ಆ ಮನೋಭಾವಕ್ಕೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ತಿರಸ್ಕಾರ ಚೀಟಿಯೊಂದನ್ನು ತರಗತಿಗೆ ತಂದರೆ ದಹನಕ್ರಿಯೆ, ವಾಯುವಿನ ಸಾಂದ್ರತೆ, ಅವಕೆಂಪು ಕಿರಣ, ಶೇಕಡಾವಾರು ಲೆಕ್ಕ ಇವೆಲ್ಲವನ್ನೂ ಉಪಾಧ್ಯಾಯರು ಒಂದೇ ಕಾಗದದಿಂದ ಪಾಠ ಮಾಡಬಹುದು.

ಕಾರಿನ ಮಾಲೀಕರು ಪಾಲಿಸಬಹುದಾದ ಸರಳ ಅಭ್ಯಾಸವೊಂದುಂಟು. ಕಾರಿನಲ್ಲಿ ಒಂದು ಚಿಕ್ಕ ಪುಸ್ತಕವನ್ನಿಟ್ಟು, ಪ್ರತಿ ತಪಾಸಣೆಯ ದಿನಾಂಕ, ಓಡಿದ ಕಿಲೋಮೀಟರು, ಮಾನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್ ಅಂಕಿಗಳು, ಆ ಅವಧಿಯಲ್ಲಿ ಬದಲಿಸಿದ ಭಾಗಗಳು ಇವನ್ನು ಬರೆದಿಡಬೇಕು. ಉತ್ತೀರ್ಣವಾದಾಗಲೂ ಬರೆಯಬೇಕು. ಅಂಕಿಯು ಒಂದರಿಂದ ಒಂದೂವರೆಗೆ, ಒಂದೂವರೆಯಿಂದ ಎರಡೂವರೆಗೆ ಏರುತ್ತ ಬರುವುದು ಆ ಪುಟಗಳಲ್ಲಿ ಮೊದಲೇ ಕಾಣುತ್ತದೆ. ಆರು ತಿಂಗಳಿಗೊಮ್ಮೆ ಬರುವ ಪರೀಕ್ಷೆಗೆ ಆಗ ಯಾರೂ ಅಂಜಬೇಕಾಗಿಲ್ಲ. ಮಿತಿ ಮೀರುವ ಮುನ್ನವೇ ಶೋಧಕವನ್ನೋ ಪ್ಲಗ್ಗನ್ನೋ ಬದಲಿಸಿ, ಹಳೆಯ ಕಾರನ್ನು ಹೊಸಬರ ನಡುವೆಯೂ ಮರ್ಯಾದೆಯಿಂದ ಓಡಿಸಬಹುದು.